ಗೇಣುದ್ದದ ಲಾರಿ

ಲಾರಿ ಹಾಳುಮಾಡುವುದರಲ್ಲಿ ಹಲ್ಲುಮಾವನನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ನಿಜವಾದ ಲಾರಿಯಲ್ಲ, ಗೇಣುದ್ದದ ಪ್ಲಾಸ್ಟಿಕ್ ಲಾರಿ. ಬಿಡಿಭಾಗಗಳ ಪೆಟ್ಟಿಗೆ ತಂದು, ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಅಂಟಿಸಿ, ಬಣ್ಣ ಬಳಿದು, ಮದುವಣಗಿತ್ತಿಯ ಹಾಗೆ ಮಿರಮಿರ ಮಿಂಚುವಂತೆ ನಿಲ್ಲಿಸಿದ ಮೇಲೇ ಅವನ ಅಸಲಿ ಕೆಲಸ ಶುರುವಾಗುತ್ತಿತ್ತು. ಬಾಗಿಲಂಚಿಗೆ ತುಕ್ಕು ಹಿಡಿಸುವುದು, ಚಕ್ರಕ್ಕೆ ಕೆಸರು ಮೆತ್ತುವುದು, ಬಾನೆಟ್ಟಿಗೆ ಗುಂಡು ತೂರಿದ ತೂತು ಕೊರೆಯುವುದು. ತುಕ್ಕಿಗೆ ಹಳೆ ಮೊಳೆಗಳನ್ನು ನೆನೆಹಾಕಿ ಕೆರೆದ ಪುಡಿ, ಕೆಸರಿಗೆ ಪ್ಲಾಸ್ಟರು ಬೆರೆಸಿದ ಹೂಕುಂಡದ ಮಣ್ಣು. ಹೊಸದನ್ನು ಹೊಸದಾಗಿಯೇ ಬಿಟ್ಟರೆ ಅದರಲ್ಲಿ ಏನು ಮಹಾ ಇದೆ, ಅದು ಅಂಗಡಿಯವನ ಕೆಲಸ ಎನ್ನುತ್ತಿದ್ದ.

ಹೊಟ್ಟೆಪಾಡಿಗೆ ಅವನು ಹಲ್ಲಿನ ಸೆಟ್ ಮಾಡುವವನು. ಊರಿನ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಿದ್ದರು. ಇವನು ಮೇಣದಲ್ಲಿ ಒಸಡು ಕೆತ್ತಿ, ಹಲ್ಲು ಕೂರಿಸಿ, ತಿಕ್ಕಿ ತೀಡಿ ವಾಪಸು ಕಳಿಸುತ್ತಿದ್ದ. ಬೀದಿಯ ಮಕ್ಕಳು ಇಟ್ಟ ‘ಹಲ್ಲುಮಾವ’ ಎಂಬ ಹೆಸರು ಈಗ ಅವನಿಗಿಂತ ದೊಡ್ಡವರ ಬಾಯಲ್ಲೂ ನಿಂತುಬಿಟ್ಟಿತ್ತು. ಕೊರೆಯುವ ಸೂಜಿ, ಮೇಣದ ಚಾಕು, ಕೂದಲೆಳೆಯಂಥ ಬ್ರಶ್ಶು ಎಲ್ಲಾ ಕೈಯಳತೆಯಲ್ಲೇ ಇದ್ದುದರಿಂದ ಈ ಹವ್ಯಾಸ ಅವನಿಗೆ ಅಂಟಿಕೊಂಡದ್ದರಲ್ಲಿ ಆಶ್ಚರ್ಯವಿರಲಿಲ್ಲ. ಮನೆಯ ಹಿಂದಿನ ಸಾಮಾನಿನ ಕೋಣೆಯನ್ನು ತನ್ನದು ಮಾಡಿಕೊಂಡಿದ್ದ.

ಆ ವರ್ಷ ಹವ್ಯಾಸಿಗಳ ಸಂಘದವರು ಗ್ರಂಥಾಲಯದ ಸಭಾಂಗಣದಲ್ಲಿ ಪ್ರದರ್ಶನ ಇಟ್ಟುಕೊಂಡಿದ್ದರು. ಅದಕ್ಕಾಗಿ ಹಲ್ಲುಮಾವ ತಿಂಗಳುಗಟ್ಟಲೆಯಿಂದ ಒಂದು ಯುದ್ಧದೃಶ್ಯ ಕಟ್ಟುತ್ತಿದ್ದ. ತಟ್ಟೆಯಗಲದ ಹಲಗೆಯ ಮೇಲೆ ಒದ್ದೆ ಮಣ್ಣಿನ ರಸ್ತೆ, ಒಂದು ಮುರಿದ ಗೋಡೆ, ಬೋಳು ಮರ. ನಡುವೆ ಅಜ್ಜಂದಿರ ಕಾಲದ ಯುದ್ಧದ ಸರಕು ಲಾರಿ. ಅದರ ಮುಂದಿನ ಚಕ್ರ ನೆಲಬಾಂಬಿನ ಮೇಲೆ ಹರಿದಿದೆ. ಬಾನೆಟ್ಟು ತಗಡಿನ ಹಾಗೆ ಸುರುಳಿ ಸುತ್ತಿಕೊಂಡಿದೆ, ಆಕ್ಸಲ್ ಬಗ್ಗಿದೆ. ತೆರೆದ ಬಾಗಿಲ ಪಕ್ಕದಲ್ಲಿ ಚಾಲಕ ಮಕಾಡೆ ಬಿದ್ದಿದ್ದಾನೆ. ಹೆಬ್ಬೆರಳುದ್ದದ ಆ ಚಾಲಕನನ್ನು ಹಲ್ಲುಮಾವ ಮೇಣದಲ್ಲಿ ಕೆತ್ತಿ, ಒಸಡಿಗೆ ಬಳಸುವ ಅಕ್ರಿಲಿಕ್‌ನಲ್ಲೇ ಎರಕ ಹೊಯ್ದಿದ್ದ. ಅಂಗಿಯ ಮಡಿಕೆ ಮಡಿಕೆಯೂ ಕಾಣುತ್ತಿತ್ತು. ಸಂಘದ ಅಧ್ಯಕ್ಷರಾದ ದನದ ಡಾಕ್ಟ್ರು ನೋಡಿ, “ಏನ್ರೀ ಇದು! ನಾಡಿ ಹಿಡಿದು ನೋಡಬೇಕು ಅನ್ನಿಸುತ್ತೆ” ಅಂದಿದ್ದರು. ಆ ಮಾತು ಅವನನ್ನು ಒಂದು ವಾರ ನೆಲದ ಮೇಲೆ ನಿಲ್ಲಗೊಡಲಿಲ್ಲ.

ಅಷ್ಟರಲ್ಲಿ ಮಗಳ ಫೋನು ಬಂತು.

ಮಗಳು ಸೈನ್ಯದಲ್ಲಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು, ಒಂದು ಕಡೆ ಕೂರಿಸಬೇಕಾದರೆ ಕಟ್ಟಿಹಾಕಬೇಕಿತ್ತು. ಹಾಗಾಗಿ ಮನೆಯಲ್ಲಿ ಅವಳು ‘ಚಕ್ರಿ’. ಸೇರಿದ ಮೇಲೆ ಇಷ್ಟು ದಿನ ಉಗ್ರಾಣದಲ್ಲಿ ಕೆಲಸ. ಗಡಿಯಲ್ಲಿ ಗುಂಡಿನ ಕಾದಾಟ ಶುರುವಾದರೂ ಮಗಳು ಉಗ್ರಾಣದಲ್ಲಿದ್ದಾಳೆ ಎಂದು ಗಂಡ ಹೆಂಡತಿ ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನ ಪಡುತ್ತಿದ್ದರು.

“ಅಪ್ಪಾ, ಉಗ್ರಾಣದಿಂದ ಬಿಡುಗಡೆ! ಇನ್ಮೇಲೆ ಲಾರಿ” ಅಂದಳು ಚಕ್ರಿ. ಬಹುಮಾನ ಬಂದವಳ ದನಿ. “ಗಡಿಯ ಮುಂಚೂಣಿ ಠಾಣೆಗಳಿಗೆ ಸಾಮಾನು ಸಾಗಿಸೋದು. ನನ್ನ ಜೊತೆ ಇನ್ನೊಬ್ಬ ಡ್ರೈವರ್ ಇದ್ದಾನೆ. ಆನೆ ಥರಾ ಇದ್ದಾನೆ, ಎಲ್ಲಿ ಕೂತ್ರೂ ನಿದ್ದೆ. ಕುಂಭಕರ್ಣ ಅಂತ ಹೆಸರಿಟ್ಟಿದ್ದೀನಿ.”

“ಸ್ಟಿಯರಿಂಗ್ ಹಿಡಿದಾಗಲೂ ಮಲಗ್ತಾನೇನೇ?”

“ಆಗ ಮಾತ್ರ ಮಲಗಲ್ಲ. ಅಮ್ಮಂಗೆ ನಿಧಾನವಾಗಿ ಹೇಳು, ಆಯ್ತಾ?”

ಅಮ್ಮ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಯಾವ ಬಸ್ಸು ಯಾವ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವವಳು ಅವಳೇ. ಊರಿಗೆ ಊರೇ ಅವಳ ದನಿ ಕೇಳಿ ಓಡುತ್ತಿತ್ತು. ದಿನವಿಡೀ ಮಾತಾಡಿ ಮಾತಾಡಿ ಮನೆಗೆ ಬರುವ ಹೊತ್ತಿಗೆ ಅವಳ ಮಾತೆಲ್ಲ ಖರ್ಚಾಗಿರುತ್ತಿತ್ತು. ಆವತ್ತು ತೊಳೆದಿಟ್ಟ ಪಾತ್ರೆಗಳನ್ನು ಮತ್ತೊಮ್ಮೆ ತೊಳೆದಳು.

ಹಲ್ಲುಮಾವ ಹಿಂದಿನ ಕೋಣೆಗೆ ಹೋಗಿ ಕೂತ. ಮುರಿದ ಗೋಡೆಗೆ ಪಾಚಿ ಹಚ್ಚುವುದು ಬಾಕಿಯಿತ್ತು. ಹಸಿರು ಕಲಸಿದ, ಬ್ರಶ್ಶು ಎತ್ತಿದ, ಕೆಳಗಿಟ್ಟ. ಕಣ್ಣು ಗೋಡೆಯ ಮೇಲೆ ನಿಲ್ಲಲೊಲ್ಲದು; ಜಾರಿ ಜಾರಿ ಮಕಾಡೆ ಬಿದ್ದ ಆ ಚಾಲಕನ ಮೇಲೇ ಹೋಗುತ್ತಿತ್ತು. ಇಷ್ಟು ದಿನ ಅದು ಅಂಗಿಯ ಮಡಿಕೆ, ಬೂಟಿನ ಲಾಡಿ. ಈಗ ಇದ್ದಕ್ಕಿದ್ದಂತೆ ಅದೊಂದು ಹೆಣ. ಎದ್ದು ಬೀದಿಯ ತುದಿಯವರೆಗೆ ನಡೆದುಬಂದ. ಮತ್ತೆ ಕೂತ. ಮತ್ತೆ ಎದ್ದ. ಕೊನೆಗೆ ಚಿಮಟದಲ್ಲಿ ಚಾಲಕನನ್ನು ಕಿತ್ತು, ಹಲ್ಲುಗಳನ್ನಿಡುವ ಡ್ರಾಯರಿನೊಳಗೆ ಹಾಕಿ ಮುಚ್ಚಿದ.

ಹೆಣ ಎತ್ತಿದ್ದಾಯಿತು, ಲಾರಿಯನ್ನೇನು ಮಾಡುವುದು? ಮಾರನೆಯ ದಿನ ಮೇಣದ ಚಾಕು ಕಾಯಿಸಿ ಆಕ್ಸಲ್ ನೆಟ್ಟಗೆ ಮಾಡಿದ. ಸ್ವಲ್ಪ ಹಾಯೆನಿಸಿತು. ಆಮೇಲೆ ಬಾನೆಟ್ಟು ಬದಲಾಯಿಸಿದ. ಗುಂಡಿನ ತೂತುಗಳಿಗೆ ಅಕ್ರಿಲಿಕ್ ತುಂಬಿ ಉಜ್ಜಿದ. ಬೇರೆ ಪೆಟ್ಟಿಗೆಯಿಂದ ಚಕ್ರ ಕದ್ದು ಕೂರಿಸಿದ. ಅಷ್ಟು ಅಕ್ಕರೆಯಿಂದ ಕೆಡಿಸಿದ್ದನ್ನು ರಿಪೇರಿ ಮಾಡುವುದು ಕೆಡಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ. ಆದರೂ ಕೈ ನಿಲ್ಲಿಸಲಾಗಲಿಲ್ಲ. ಫೋನು ಬಾರದ ದಿನ ಹೆಚ್ಚು ಕೆಲಸ, ಬಂದ ದಿನ ಕಡಿಮೆ. ಅತ್ತ ಹಲ್ಲಿನ ಕೆಲಸ ಹಿಂದೆ ಬಿತ್ತು. ಯಾರದೋ ಮೇಲ್ದವಡೆ ಇನ್ಯಾರದೋ ಕೆಳದವಡೆಯ ಜೊತೆ ಹೋಗಿ ದಂತವೈದ್ಯರಿಂದ ಬೈಸಿಕೊಂಡ.

ದನದ ಡಾಕ್ಟ್ರು ಪ್ರದರ್ಶನದ ತಯಾರಿ ನೋಡಲು ಬಂದವರು ಕನ್ನಡಕ ಹಣೆಗೇರಿಸಿ ಬಗ್ಗಿದರು.

“ಇದೇನ್ರೀ? ಹೋದ ಸಲ ಐಸಿಯುನಲ್ಲಿತ್ತು, ಈಗ ನಡೆದಾಡೋ ಹಾಗಾಗಿದೆ?”

“ಸ್ವಲ್ಪ ಬದಲಾಯಿಸ್ದೆ ಡಾಕ್ಟ್ರೇ.”

“ಸ್ವಲ್ಪಾನಾ? ಆ ಬಿದ್ದವನು ಎಲ್ಲಿ?”

“ಎದ್ದು ಹೋದ” ಅಂದ ಹಲ್ಲುಮಾವ. ನಗಲು ನೋಡಿದ, ಆಗಲಿಲ್ಲ.

ಡಾಕ್ಟ್ರಿಗೆ ವಿಷಯ ಗೊತ್ತಿತ್ತು. ಕನ್ನಡಕವನ್ನು ಮೂಗಿಗಿಳಿಸಿ, “ಒಳ್ಳೇದಾಯ್ತು ಬಿಡಿ. ಹಸು ಆದ್ರೂ ಅಷ್ಟೇ, ಎದ್ದು ನಿಂತ್ರೇ ನಮಗೂ ಸಮಾಧಾನ” ಎಂದು ಬೆನ್ನು ತಟ್ಟಿ ಹೋದರು.

ಹೆಂಡತಿ ಆ ಕೋಣೆಗೆ ಕಾಲಿಡುವವಳಲ್ಲ. ಒಂದು ಭಾನುವಾರ ಬೆಳಿಗ್ಗೆ ಕಾಣೆಯಾದ ಕತ್ತರಿ ಹುಡುಕಿಕೊಂಡು ಒಳಗೆ ಬಂದಳು. ಕತ್ತರಿ ಸಿಕ್ಕಿತು, ಅದನ್ನೆತ್ತಿಕೊಳ್ಳುವಾಗ ಹಲಗೆಯ ಕಡೆ ಕಣ್ಣು ಹೋಯಿತು. ಕೆಸರಿನ ರಸ್ತೆಯಲ್ಲಿ, ಲಾರಿಯ ಬಾಗಿಲ ಪಕ್ಕ, ಮನುಷ್ಯಾಕಾರದ ಒಂದು ತಗ್ಗು. ಚಾಲಕನನ್ನು ಹಸಿ ಪ್ಲಾಸ್ಟರಿಗೆ ಒತ್ತಿ ಕೂರಿಸಿದ್ದರಿಂದ ಅವನು ಹೋದರೂ ಅಚ್ಚು ಉಳಿದಿತ್ತು. ಬಾಯಿ ಹೋದರೂ ಬಾಯಿಯ ಅಚ್ಚು ಉಳಿಯುವಂತೆ.

“ಇದೇನ್ರೀ?”

“ಅದಾ? ರಸ್ತೆಯ ಗುಂಡಿ.”

“ಕೈ ಕಾಲಿರೋ ಗುಂಡಿನಾ?”

ಅವನು ಬ್ರಶ್ಶು ತೊಳೆಯತೊಡಗಿದ. ಅದು ಮೊದಲೇ ತೊಳೆದಿದ್ದ ಬ್ರಶ್ಶು.

“ಯಾರೋ ಇಲ್ಲಿ ಬಿದ್ದಿದ್ದ, ಅಲ್ವಾ? ನೀವೇ ಬೀಳಿಸಿದ್ರಿ.” ಅವಳ ದನಿ ಏರಲಿಲ್ಲ, ಮೈಕಿನಲ್ಲಿ ಇರುವ ಹಾಗೇ ಸಪಾಟಾಗಿತ್ತು, ಅವನಿಗೆ ಹೆದರಿಕೆ ಹುಟ್ಟಿಸಿದ್ದೂ ಅದೇ. “ಚಕ್ರಿ ಇನ್ನೂ ಸ್ಕೂಲಲ್ಲಿದ್ದಾಗ, ಬೇಸಿಗೆ ರಜದಲ್ಲೂ ನೀವು ಇದನ್ನೇ ಮಾಡ್ತಿದ್ರಿ. ರಕ್ತಕ್ಕೆ ಬಣ್ಣ ಕಲಸ್ತಾ, ಇದು ಒಣಗಿದ ರಕ್ತ, ಇದು ಹಸಿ ರಕ್ತ ಅಂತ ಅವಳಿಗೇ ತೋರಿಸ್ತಿದ್ರಿ. ಅವಳು ಬಾಯಿ ಬಿಟ್ಕೊಂಡು ನೋಡ್ತಿದ್ಲು.”

“ಹಾಗಂತ ನನ್ನಿಂದ ಅವಳು ಸೈನ್ಯಕ್ಕೆ ಹೋದ್ಲು ಅಂತೀಯಾ?”

“ನಾನು ಹಾಗಂದ್ನಾ?”

“ಅಂದ ಹಾಗೇ ಇದೆ.”

“ಅನ್ನಿಸಿದ್ರೆ ನಾನೇನು ಮಾಡ್ಲಿ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ.” ಕತ್ತರಿ ಹಿಡಿದು ಹೊರಟವಳು ಬಾಗಿಲಲ್ಲಿ ನಿಂತಳು. “ಆ ಗುಂಡಿ ಮುಚ್ಚಿ. ಇವತ್ತೇ.”

ಅವನು ಮುಚ್ಚಿದ. ಪ್ಲಾಸ್ಟರು ಕಲಸಿ ತುಂಬಿ, ಮೇಲೆ ಮಣ್ಣು ಉದುರಿಸಿ, ಒಂದು ನೀರಿನ ಕೊಡದಂಥ ಡಬ್ಬವನ್ನೂ ಅಲ್ಲಿಟ್ಟ. ಆದರೂ ಗೊತ್ತಿದ್ದವರಿಗೆ ಗೊತ್ತಾಗುತ್ತಿತ್ತು. ಅವನಿಗಂತೂ ಗೊತ್ತಿತ್ತು.

ಸುದ್ದಿ ಬಂದದ್ದು ಒಂದು ಮಧ್ಯಾಹ್ನ. ನಿಲ್ದಾಣದಲ್ಲಿ ಪ್ರಯಾಣಿಕರಿಗೆಂದು ತೂಗುಹಾಕಿದ್ದ ಟೀವಿಯಲ್ಲಿ, ಗಡಿಯ ಹತ್ತಿರ ಸೇನೆಯ ಲಾರಿಗಳ ಸಾಲು ನೆಲಬಾಂಬಿಗೆ ಸಿಕ್ಕಿದೆ, ಸಾವುನೋವು ಎಷ್ಟೆಂದು ತಿಳಿದಿಲ್ಲ ಎಂಬ ಸಾಲು ಹರಿದುಹೋಯಿತು. ಹೆಂಡತಿ ಗಾಜಿನ ಗೂಡಿನೊಳಗಿಂದ ಅದನ್ನು ಓದಿದಳು. ಎದುರಿಗಿದ್ದ ಮೈಕಿನಲ್ಲಿ ಆಗಲೇ ಹೊರಟುಹೋಗಿದ್ದ ಬಸ್ಸನ್ನು, ಇಲ್ಲದ ಅಂಕಣದಿಂದ, ಈಗ ಹೊರಡುತ್ತದೆ ಎಂದು ಕೂಗಿದಳು. ಜನ ಗಂಟುಮೂಟೆ ಹೊತ್ತು ಅತ್ತ ಇತ್ತ ಓಡಿದರು. ನಿದ್ದೆಯಿಂದೆಬ್ಬಿಸಿ ಕೇಳಿದರೂ ತಪ್ಪು ಹೇಳದ ಹೆಂಗಸು. ಪಕ್ಕದವಳ ಕೈಗೆ ಮೈಕು ಕೊಟ್ಟು, ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ಮನೆಗೆ ನಡೆದುಬಂದಳು.

ಹಲ್ಲುಮಾವ ಅಷ್ಟರಲ್ಲಿ ಮನೆಯ ಟೀವಿಯಲ್ಲಿ ಸುದ್ದಿ ನೋಡಿ, ಸೈನ್ಯದವರು ಕೊಟ್ಟಿದ್ದ ನಂಬರಿಗೆ ಫೋನು ಹೊಡೆದು ಹೊಡೆದು ಸೋತಿದ್ದ. ತಿಳಿದ ಕೂಡಲೇ ತಿಳಿಸುತ್ತೇವೆ, ಅಲ್ಲಿಯವರೆಗೆ ಲೈನು ಖಾಲಿ ಇಟ್ಟಿರಿ ಅಂದಿದ್ದರು.

ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಅವನು ಕಾಫಿ ಮಾಡಿದ; ಇಬ್ಬರೂ ಕುಡಿಯಲಿಲ್ಲ. ಅವಳು ಕಿಟಕಿ ತೆರೆದಳು, ಮುಚ್ಚಿದಳು. ಗೋಡೆಯ ಗಡಿಯಾರ ಸದ್ದು ಮಾಡುತ್ತದೆಂದು ಅದರ ಬ್ಯಾಟರಿ ತೆಗೆದಳು. ಕೊನೆಗೆ ಅವನು ಫೋನೆತ್ತಿಕೊಂಡು ಹಿಂದಿನ ಕೋಣೆಗೆ ಹೋದ. ಅವಳೂ ಹಿಂದೆಯೇ ಬಂದಳು. ಬೇರೆಲ್ಲಿ ಇರಬೇಕೋ ಅವಳಿಗೆ ತೋಚಲಿಲ್ಲ.

“ನನಗೂ ಏನಾದ್ರೂ ಕೊಡಿ” ಅಂದಳು. “ಕೈ ಸುಮ್ನಿದ್ರೆ ಹುಚ್ಚು ಹಿಡಿಯುತ್ತೆ.”

ಲಾರಿಗೆ ಟಾರ್ಪಾಲು ಹೊದಿಸಬೇಕಿತ್ತು. ತೆಳು ಕಾಗದವನ್ನು ಅಂಟುನೀರಿನಲ್ಲಿ ಅದ್ದಿ, ಹಿಂಬದಿಯ ಕಮಾನುಗಳ ಮೇಲೆ ಇಳಿಬಿಟ್ಟು, ಸುಕ್ಕು ಬರುವಂತೆ ಎಳೆಯುವುದನ್ನು ತೋರಿಸಿದ. ಅವಳು ಎಳೆದಳು, ಹರಿಯಿತು. ಇನ್ನೊಂದು ತೆಗೆದುಕೊಂಡಳು. ಅದೂ ಹರಿಯಿತು. ಮೂಗೊರೆಸಿಕೊಂಡು ಮತ್ತೊಂದು.

“ಸಡಿಲ ಬಿಡೇ, ಎಳೀಬೇಡ. ಅದರಷ್ಟಕ್ಕೆ ಅದು ಕೂರುತ್ತೆ.”

“ಹಗ್ಗ ಯಾಕಿಲ್ಲ? ಗಾಳಿಗೆ ಹಾರಿಹೋಗಲ್ವಾ?” ಹೊಲಿಗೆಯ ದಾರ ತಂದು ಅವಳೇ ಹಗ್ಗ ಕಟ್ಟಿದಳು. ಅವಳು ಹಾಕಿದ ಗಂಟುಗಳನ್ನು ಅವನು ಚಿಮಟದಲ್ಲಿ ಎಳೆದು ನೋಡಿದ, ಒಂದೂ ಅಲುಗಲಿಲ್ಲ.

ಫೋನು ಹೊಡೆದುಕೊಂಡಿತು. ಇಬ್ಬರ ಕೈಯೂ ಒಟ್ಟಿಗೆ ಹೋಗಿ ಅದು ಕೆಳಗೆ ಬಿತ್ತು. ಅವನು ಮೇಜಿನಡಿ ತೂರಿ ಎತ್ತಿದ.

“ಹಲೋ, ಶೆಟ್ಟು ಮಾಡೋರಾ?” ಯಾರೋ ಮುದುಕರ ದನಿ. “ನೀವು ಕೊಟ್ಟ ಶೆಟ್ಟು ಹಾಕ್ಕೊಂಡಾಗಿಂದ ನಂಗೆ ‘ಶ’ ಬರ್ತಾ ಇಲ್ಲ ನೋಡಿ. ‘ಶ’ ಅಂದ್ರೆ ‘ಶ’ನೇ ಬರುತ್ತೆ. ಶೊಶೆ ನಗ್ತಾಳೆ...”

ಹಲ್ಲುಮಾವ ನಗಬೇಕೋ ಅಳಬೇಕೋ ತಿಳಿಯದೆ ಫೋನನ್ನು ಕಿವಿಯಿಂದ ದೂರ ಹಿಡಿದ. ಹೆಂಡತಿ ಫೋನು ಕಿತ್ತುಕೊಂಡು, ನಿಲ್ದಾಣದ ತನ್ನ ದೊಡ್ಡ ದನಿಯಲ್ಲಿ, “ದಯವಿಟ್ಟು ಗಮನಿಸಿ ತಾತ. ಈ ಲೈನು ಈಗ ಬೇಕಾಗಿದೆ. ನಾಳೆ ಮಾಡಿ” ಅಂದಳು. ಮುದುಕರು “ಆಯ್ತಮ್ಮ, ಶರಿ ಶರಿ” ಎಂದು ಗಡಬಡಿಸಿ ಇಟ್ಟರು. ಗಂಡಹೆಂಡತಿ ಮುಖ ಮುಖ ನೋಡಿಕೊಂಡರು. ಅವಳಿಗೆ ನಗು ಉಕ್ಕಿತು, ಅವನಿಗೂ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೆದರಿ ನಿಲ್ಲಿಸಿದರು.

ಮತ್ತೆ ಫೋನು ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ.

“ಅಮ್ಮಾ. ನಾನೇ.”

ಹೆಂಡತಿ ಫೋನು ಹಿಡಿದು ಅಲ್ಲೇ ನೆಲದ ಮೇಲೆ ಕೂತಳು.

“ಕೈಗೆ ಪೆಟ್ಟಾಗಿದೆ, ಅಷ್ಟೇ. ಆಸ್ಪತ್ರೆಯಲ್ಲಿದ್ದೀನಿ. ಮನೆಗೆ ಕಳಿಸ್ತಾರಂತೆ.” ಆಮೇಲೆ ದನಿ ತಗ್ಗಿಸಿದಳು. “ಕುಂಭಕರ್ಣ ಹೋದ ಅಮ್ಮ.”

ಚಕ್ರಿ ಮನೆಗೆ ಬಂದಳು. ಬಲಗೈ ಮೊಣಕೈಯವರೆಗೆ ಬ್ಯಾಂಡೇಜು, ಕೊರಳಿಗೆ ಜೋಲಿ. ಮೊದಲಿಂದಲೂ ಕೂರದವಳು, ಈಗಿನದು ಬೇರೆ ಥರ. ಮೊದಲಾದರೆ ಎಲ್ಲಿಗೋ ಹೋಗಲು ಏಳುತ್ತಿದ್ದಳು, ಈಗ ಕೂತಲ್ಲಿ ಇರಲಾರದೆ ಏಳುತ್ತಿದ್ದಳು. ಊಟವನ್ನೂ ನಿಂತೇ ಮಾಡುತ್ತಿದ್ದಳು. ಅಂಗಡಿಗೆ ಹೋಗಿಬರುತ್ತೇನೆಂದವಳು ಊರೆಲ್ಲ ಸುತ್ತಿ ಬರಿಗೈಲಿ ಬರುತ್ತಿದ್ದಳು. ಬೀದಿಯಲ್ಲಿ ನಡೆಯುವಾಗ ರಸ್ತೆಗೆ ತೇಪೆ ಹಾಕಿದ ಜಾಗ ಬಂದರೆ ಬಳಸಿ ದಾಟುತ್ತಿದ್ದಳು. ಒಂದು ದಿನ ಅವಳ ಹಿಂದೆ ನಡೆದುಬಂದ ಹಲ್ಲುಮಾವ ಅದನ್ನು ಗಮನಿಸಿದ. ಗಮನಿಸಿದ್ದನ್ನು ಹೆಂಡತಿಗೆ ಹೇಳಲಿಲ್ಲ.

ಏನು ಕೇಳಿದರೂ “ಚೆನ್ನಾಗಿದ್ದೀನಿ” ಅನ್ನುವುದೊಂದೇ ಉತ್ತರ. ಅವಳ ಅಮ್ಮ ಅವಳ ಹಿಂದೆ ಹಿಂದೆಯೇ ಸುತ್ತುತ್ತಿದ್ದಳು, ಅವಳ ಅಪ್ಪ ಅವರಿಬ್ಬರ ಹಿಂದೆ. ಮನೆಯೇ ಒಂದು ನಿಲ್ದಾಣವಾಗಿತ್ತು. ಹೊರಡುವವರೇ ಎಲ್ಲಾ, ತಲುಪಿದವರು ಯಾರೂ ಇಲ್ಲ.

ಹಿಂದಿನ ಕೋಣೆಗೆ ಅವನು ಬೀಗ ಹಾಕಿದ್ದ. ಮಗಳ ಕಣ್ಣಿಗೆ ಬೀಳದಿರಲಿ ಅಂತ. ಬೀಗ ಹಾಕಿದ್ದೇ ತಪ್ಪಾಯಿತು.

“ಏನಿದೆ ಒಳಗೆ?” ಎಂದು ಒಂದು ಬೆಳಿಗ್ಗೆ ಕೇಳಿದಳು.

“ಏನಿಲ್ಲಮ್ಮ. ಹಳೇ ಲಾರಿ.”

“ತೆಗಿ ಅಪ್ಪ.”

ತೆಗೆದ. ಚಕ್ರಿ ಹಲಗೆಯ ಮುಂದೆ ನಿಂತಳು. ನೆಟ್ಟಗಿನ ಲಾರಿ, ಹೊಸ ಬಾನೆಟ್ಟು, ಅಮ್ಮ ಬಿಗಿದ ಹಗ್ಗದ ಟಾರ್ಪಾಲು. ಕ್ಯಾಬಿನ್ನಿನಲ್ಲಿ ಇಬ್ಬರು ಪುಟ್ಟ ಚಾಲಕರು. ಆಸ್ಪತ್ರೆಯಿಂದ ಆ ಫೋನು ಬಂದ ಮೇಲೆ ಹಲ್ಲುಮಾವ ಕೂರಿಸಿದವರು. ಯಾಕೆ ಕೂರಿಸಿದನೋ ಅವನಿಗೇ ತಿಳಿಯದು. ಇಲ್ಲಾದರೂ ಇಬ್ಬರೂ ಕೂತಿರಲಿ ಎಂದಿರಬೇಕು.

“ಮೊದಲು ಇದು ಹೀಗಿರಲಿಲ್ಲ” ಅಂದಳು. “ಫೋಟೋ ಕಳಿಸಿದ್ದೆ ನೀನು. ಬಾಂಬ್ ತಗುಲಿದ ಲಾರಿ.”

“ಹೂಂ. ಸರಿ ಮಾಡ್ದೆ.”

“ಯಾಕೆ?”

ಅವನು ಟಾರ್ಪಾಲಿನ ಮೇಲಿನ ಧೂಳು ಊದಿದ. “ನೀನು ಲಾರಿಗೆ ಹತ್ತಿದ ಮೇಲೆ... ನೋಡೋಕಾಗ್ಲಿಲ್ಲ ಕಣಮ್ಮ.”

ಚಕ್ರಿಯ ಮುಖ ಕೆಂಪಾಯಿತು. ಬಂದ ದಿನದಿಂದ ಮೊದಲ ಸಲ ದನಿ ಎತ್ತಿದಳು. “ಎಲ್ಲಾ ಸರಿಮಾಡಿ ಇಟ್ಟಿದ್ದೀಯ! ಬಾನೆಟ್ ಇದೆ, ಚಕ್ರ ಇದೆ, ಇಬ್ರೂ ಒಳಗೆ ಆರಾಮಾಗಿ ಕೂತಿದ್ದಾರೆ. ಹಾಗಾದ್ರೆ ಅವನು ಎಲ್ಲಿ ಹೋದ ಅಪ್ಪ? ಊರಲ್ಲೂ ಹೀಗೇ. ಎಲ್ರೂ ಬರ್ತಾರೆ, ಕೈ ನೋಡ್ತಾರೆ, ಸದ್ಯ ಉಳಿದ್ಯಲ್ಲ ಅಂತಾರೆ. ಏನೂ ಆಗೇ ಇಲ್ವೇನೋ ಅನ್ನೋ ಹಾಗೆ. ಆಯ್ತಲ್ಲ! ಆಗಿದ್ದು ಆಗಿದೆಯಲ್ಲ!”

ಸದ್ದು ಕೇಳಿ ಅಮ್ಮ ಬಾಗಿಲಿಗೆ ಬಂದು ನಿಂತಳು.

ಹಲ್ಲುಮಾವ ಕ್ಯಾಬಿನ್ನಿನ ಇಬ್ಬರನ್ನೂ ಚಿಮಟದಲ್ಲಿ ಎತ್ತಿ ಪಕ್ಕಕ್ಕಿಟ್ಟ. ಆಮೇಲೆ ಕೊರೆಯುವ ಯಂತ್ರದ ಪ್ಲಗ್ಗು ಚುಚ್ಚಿದ. “ಹೇಳು” ಅಂದ. “ಎಲ್ಲಿ ತಗುಲ್ತು?”

“ಬೇಡ ರೀ” ಎಂದಳು ಹೆಂಡತಿ.

“ಎಡಗಡೆ ಮುಂದಿನ ಚಕ್ರ” ಅಂದಳು ಚಕ್ರಿ.

ಸೂಜಿ ಗುಂಯ್ ಎಂದಿತು. ಹಲ್ಲು ಕೊರೆಯುವ ಆ ಸದ್ದಿಗೆ ಜಗತ್ತೇ ಹೆದರುತ್ತದೆ. ಅವನಿಗೆ ಎಂದೂ ಏನೂ ಅನ್ನಿಸಿರಲಿಲ್ಲ. ಇವತ್ತು ಅನ್ನಿಸಿತು. ಚಕ್ರ ಹೋಯಿತು. ಬಾನೆಟ್ಟು ಹೋಯಿತು. “ಪೂರ್ತಿ ಹೋಗಿತ್ತು” ಎಂದಳು, ಪೂರ್ತಿ ತೆಗೆದ. “ಗಾಜು?” “ಗಾಜು ಇರಲಿಲ್ಲ.” “ಟಾರ್ಪಾಲು?” “ಅದಕ್ಕೇನೂ ಆಗಿರಲಿಲ್ಲ. ವಿಚಿತ್ರ ಅಲ್ವಾ? ಹಗ್ಗ ಕೂಡ ಬಿಚ್ಚಿರಲಿಲ್ಲ.” ಡ್ರಾಯರಿನಿಂದ ಆ ಹಳೆಯ ಚಾಲಕನನ್ನು ತೆಗೆದು ತೋರಿಸಿದ. ಅವಳು ತಲೆಯಲ್ಲಾಡಿಸಿದಳು. “ಇವನು ಸಿನಿಮಾದಲ್ಲಿ ಬೀಳೋ ಹಾಗೆ ಬಿದ್ದಿದ್ದಾನೆ. ಕುಂಭಕರ್ಣ ಅಷ್ಟು ಸಣಕಲನೂ ಅಲ್ಲ.”

ಹಾಗಾಗಿ ಹೊಸದಾಗಿ ಕೆತ್ತಬೇಕಾಯಿತು. ಗುಲಾಬಿ ಮೇಣದ ತುಂಡು ಕಾಯಿಸಿ ಅವನು ದಪ್ಪ ಹೆಗಲು, ದಪ್ಪ ಕುತ್ತಿಗೆ ಮಾಡತೊಡಗಿದ. ಚಕ್ರಿ ಎಡಗೈಯಿಂದ ತೋರಿಸುತ್ತಾ, ತಿದ್ದುತ್ತಾ, ಕಿಟಕಿಗೂ ಮೇಜಿಗೂ ನಡುವೆ ಅಡ್ಡಾಡುತ್ತಾ ಹೇಳಿದಳು.

“ಸಿಡಿದ ಮೇಲೆ ಅವನೇ ಇಳಿದ ಅಪ್ಪ. ತನ್ನ ಕಾಲ ಮೇಲೇ. ನಾನು ಇನ್ನೂ ಸ್ಟಿಯರಿಂಗ್ ಹಿಂದೇ ಇದ್ದೆ, ಬಾಗಿಲಲ್ಲಿ ಕೈ ಸಿಕ್ಕಿಕೊಂಡಿತ್ತು. ಸುತ್ತು ಹಾಕಿ ಬಂದು ಬಾಗಿಲು ಎಳೆದು ಬಿಡಿಸ್ದ. ಏನಾಯ್ತು ಗೊತ್ತಾ? ‘ಇಂಜಿನ್ ಆಫ್ ಮಾಡಿದ್ಯಾ?’ ಅಂತ ಕೇಳ್ದ. ಹೂಂ, ಮಾಡ್ದೆ ಅಂದೆ. ಎಲ್ಲಿಯ ಇಂಜಿನ್! ಮುಂದೆ ಏನೂ ಇರಲಿಲ್ಲ. ಸರಿ ಹಾಗಾದ್ರೆ ಅಂತ ಹಿಂದಿನ ಚಕ್ರಕ್ಕೆ ಒರಗಿ ಕೂತ್ಕೊಂಡ. ಆಗ ನೋಡಿದ್ದು ಹೊಟ್ಟೆ ಹತ್ರ...”

ಮೇಣದ ಚಾಕು ನಿಂತಿತು.

“ನಿಲ್ಲಿಸಬೇಡ ಅಪ್ಪ. ನೀನು ನಿಲ್ಲಿಸಿದ್ರೆ ನನಗೆ ಹೇಳೋಕಾಗಲ್ಲ.” ಅವನು ಮತ್ತೆ ಕೆತ್ತಿದ. “ನಿದ್ದೆ ಬರ್ತಿದೆ ಅಂದ. ನಾನು ಬೈದೆ. ಯಾವಾಗ್ಲೂ ಅದೇ ನಿಂದು, ಇವತ್ತು ಮಲಗಿದ್ರೆ ನೋಡು, ಮುಖಕ್ಕೆ ನೀರು ಹಾಕ್ತೀನಿ, ಕತ್ತೆ, ಸೋಮಾರಿ... ಬಾಯಿಗೆ ಬಂದ ಹಾಗೆ ಬೈದೆ. ಅವನು ನಗ್ತಾ ಇದ್ದ. ಬೈಸ್ಕೊಂಡೇ ಹೋದ.”

ಬಾಗಿಲಲ್ಲಿದ್ದ ಅಮ್ಮ ಬಂದು ಮಗಳ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. “ಬೈದಿದ್ದು ಒಳ್ಳೇದೇ ಆಯ್ತು” ಅಂದಳು. “ಮನೆಯವರೇ ಬೈದ ಹಾಗೆ ಅನ್ನಿಸಿರುತ್ತೆ ಅವನಿಗೆ.” ಚಕ್ರಿ ಜೋರಾಗಿ ಅತ್ತಳು. ಅತ್ತು ಮುಗಿಸಿ ಮೂಗು ಸುರಿಸುತ್ತಲೇ ಹೇಳಿದಳು: “ಪಕ್ಕದಲ್ಲಿ ನನ್ನನ್ನೂ ಮಾಡು. ಮಂಡಿಯೂರಿ ಕೂತಿದ್ದೆ. ಹೆಲ್ಮೆಟ್ ಇರಲಿಲ್ಲ.”

ಮಗಳನ್ನು ಕೆತ್ತುವುದು ಹಲ್ಲುಮಾವನಿಗೆ ಸುಲಭವಾಗಲಿಲ್ಲ. ಕಾಳಿನಷ್ಟು ಮುಖ, ಅದರಲ್ಲಿ ಬೈಯುವ ಬಾಯಿ ತೆರೆದಿರಬೇಕು. ಎಷ್ಟೋ ಮುಖಗಳನ್ನು ಕರಗಿಸಿ ಮತ್ತೆ ಶುರುಮಾಡಿದ. ಒಂದು ಅವಳ ಅಮ್ಮನ ಹಾಗೆ ಬಂತು, ಒಂದು ಯಾರ ಹಾಗೂ ಬರಲಿಲ್ಲ. ಕೊನೆಗೆ ಬಂದದ್ದನ್ನು ಚಕ್ರಿ ಬೆಳಕಿಗೆ ಹಿಡಿದು ನೋಡಿ, “ಮೂಗು ದಪ್ಪ ಆಯ್ತು” ಅಂದಳು. ತುಸು ತಡೆದು, “ಇರಲಿ, ನನ್ನದೂ ದಪ್ಪವೇ” ಅಂದಳು.

ಪ್ರದರ್ಶನಕ್ಕೆ ಇಡುವುದು ಬೇಡವೆಂದು ಅಮ್ಮ ಪಟ್ಟು ಹಿಡಿದಳು. ಹತ್ತು ಜನ ನೋಡಿ ಹತ್ತು ಮಾತಾಡುವುದು ಯಾಕೆ? ಚಕ್ರಿ ಒಪ್ಪಲಿಲ್ಲ. “ಮನೇಲಿಟ್ರೆ ನೀವಿಬ್ರೂ ದಿನಾ ಇದರ ಮುಂದೆ ಕೂತಿರ್ತೀರ. ಹೊರಗೆ ಹೋಗ್ಲಿ. ನಾಲ್ಕು ಜನ ನೋಡ್ಲಿ ಅವನನ್ನ.”

ಸಭಾಂಗಣದಲ್ಲಿ ಟ್ಯಾಂಕುಗಳು, ವಿಮಾನಗಳು, ಹಡಗುಗಳ ಸಾಲು. ದನದ ಡಾಕ್ಟ್ರು ಲಾರಿಯನ್ನು ಕಿಟಕಿಯ ಪಕ್ಕ ಒಳ್ಳೆಯ ಬೆಳಕಿನಲ್ಲಿ ಇರಿಸಿದರು, ತಮಾಷೆಯೊಂದೂ ಆಡಲಿಲ್ಲ. ತೀರ್ಪುಗಾರರು ಬಂದರು, ಬಗ್ಗಿ ನೋಡಿದರು. ಲಾರಿ ಒಂದು ಕಾಲದ್ದು, ಸಮವಸ್ತ್ರ ಇನ್ನೊಂದು ಕಾಲದ್ದು, ಹೊಂದುವುದಿಲ್ಲ ಎಂದರು. ಬಹುಮಾನ ಒಂದು ವಿಮಾನಕ್ಕೆ ಹೋಯಿತು. ನಿಯಮದ ಪ್ರಕಾರ ಮಾಡಿದವನು ಪಕ್ಕದಲ್ಲಿ ನಿಂತು ವಿವರಿಸಬೇಕು. ಹಲ್ಲುಮಾವನಿಂದ ಅದಾಗಲಿಲ್ಲ. ಒಬ್ಬರು “ಎಷ್ಟು ನೈಜವಾಗಿದೆ!” ಅನ್ನುತ್ತಿದ್ದಂತೆ ಅವನು ಹೊರಗೆ ಎದ್ದುಹೋದ.

ಗ್ರಂಥಾಲಯದ ಸುತ್ತ ಒಂದು ಸುತ್ತು ಹಾಕಿದ. ಇನ್ನೊಂದು ಹಾಕಿದ. ಕೆಲಸ ಮುಗಿಸಿ ಬಂದ ಹೆಂಡತಿ ಗೇಟಿನ ಹತ್ತಿರ ಸಿಕ್ಕಿದಳು.

“ಏನ್ರೀ, ಇಲ್ಲಿ?”

“ಗಾಳಿಗೆ ಬಂದೆ.”

“ಅವಳು?”

“ಒಳಗಿದ್ದಾಳೆ. ವೈದ್ಯರು ಕೈ ನೋಡಿ, ಮುಂದಿನ ತಿಂಗಳು ಕೆಲಸಕ್ಕೆ ಹೋಗಬಹುದು ಅಂದ್ರಂತೆ. ಹೋಗ್ತೀನಿ ಅಂತಿದ್ದಾಳೆ.”

“ಉಗ್ರಾಣಕ್ಕಾ?”

“ಲಾರಿಗೆ.”

ಇಬ್ಬರೂ ಕಿಟಕಿಯ ಹತ್ತಿರ ಹೋಗಿ ಒಳಗೆ ಇಣುಕಿದರು. ಕೋಲೂರಿಕೊಂಡ ಹಿರಿಯರೊಬ್ಬರು ಲಾರಿಯ ಮುಂದೆ ನಿಂತಿದ್ದರು. ಚಕ್ರಿ ಅವರಿಗೊಂದು ಕುರ್ಚಿ ಎಳೆದುಕೊಟ್ಟು, ತಾನೂ ಒಂದರಲ್ಲಿ ಕೂತು, ಎಡಗೈ ಆಡಿಸುತ್ತಾ ಏನನ್ನೋ ಹೇಳುತ್ತಿದ್ದಳು. ಗಾಜಿನ ಈಚೆಗೆ ಮಾತು ಕೇಳುತ್ತಿರಲಿಲ್ಲ. ಹಿರಿಯರು ತಲೆದೂಗುತ್ತಾ, ನಡುವೆ ಪ್ರಶ್ನೆ ಕೇಳುತ್ತಾ, ಆ ಮಂಡಿಯೂರಿದ ಗೊಂಬೆಯ ಕಡೆ ಬೆರಳು ತೋರಿಸಿದರು. ಚಕ್ರಿ ತನ್ನ ಎದೆ ಮುಟ್ಟಿಕೊಂಡು ತೋರಿಸಿದಳು.

“ನಡೀರಿ ಒಳಗೆ” ಅಂದಳು ಹೆಂಡತಿ.

“ನೀನು ಹೋಗಿರು. ಇನ್ನೊಂದು ಸುತ್ತು ಹಾಕಿ ಬರ್ತೀನಿ.”

“ನಾನೂ ಬರ್ತೀನಿ ಬಿಡಿ” ಎಂದು ಅವಳು ಅವನ ಜೊತೆಗೇ ಹೆಜ್ಜೆ ಹಾಕಿದಳು.